ತಾಳಿಕೆ ಯಾರ ಹೊಣೆ?

ಬಟ್ಟೆ ಕೊಳ್ಳುವಾಗ ನಮ್ಮ ಕಡೆ ಕೇಳುವ ಮಾತು, ‘ತಾಳಿಕೆ ಬರ್ತದೇನು?’ ಈಗ ಅದೇ ಮಾತನ್ನು ದುಡಿಯುವವರ ಬಗ್ಗೆಯೂ ಕೇಳತೊಡಗಿದ್ದೇವೆ. ವಿನ್ಯಾಸದ ಕಂಪನಿಗಳಲ್ಲಿ ಡಿಸೈನ್ ಆಪರೇಷನ್ಸ್ ಎಂಬ ಕೆಲಸವಿದೆ. ವಿನ್ಯಾಸಕಾರರಿಗೆ ಬೇಕಾದ ಫೈಲು, ಸಲಕರಣೆ, ವೇಳಾಪಟ್ಟಿ, ಒಪ್ಪಿಗೆಗಳನ್ನು ಹೊಂದಿಸಿ ಕೊಡುವವರು ಇವರು. ಎಲ್ಲ ಸಸೂತ್ರವಾಗಿ ನಡೆದರೆ ಇವರು ಯಾರ ಕಣ್ಣಿಗೂ ಬೀಳುವುದಿಲ್ಲ. ಎಲ್ಲಾದರೂ ತಪ್ಪಿದರೆ ಎಲ್ಲರೂ ಇವರತ್ತಲೇ ತಿರುಗುತ್ತಾರೆ. ದಣಿದರೆ ಸಿಗುವ ಬುದ್ಧಿಮಾತು ಒಂದೇ: ಮನಸ್ಸು ಗಟ್ಟಿ ಮಾಡಿಕೋ. ಈ ಬುದ್ಧಿಮಾತು ಅರ್ಧ ಸುಳ್ಳು. ಹಾಗೆನ್ನಲು ನನಗೆ ಧೈರ್ಯ ಕೊಟ್ಟದ್ದು ಬೆಟಗೇರಿಯ ಕುಣಿಮಗ್ಗ.

ಗದುಗಿಗೆ ಅಂಟಿಕೊಂಡ ಬೆಟಗೇರಿ ನೇಕಾರರ ಊರು. ನೆಲದಲ್ಲಿ ಕುಣಿ ತೋಡಿ ಮಗ್ಗ ಹೂಡುವುದು ಕಾಲಿಳಿಬಿಟ್ಟು ಕೂರಲಿಕ್ಕೆ ಮಾತ್ರ ಎಂದುಕೊಂಡವರೇ ಹೆಚ್ಚು. ಆ ಕುಣಿಯಿಂದ ಏರುವ ಮಣ್ಣಿನ ತಂಪು ಹತ್ತಿಯ ಎಳೆಗೆ ಬೇಕು. ಹವೆ ಒಣಗಿತೆಂದರೆ ನೂಲು ಪಟಪಟನೆ ಕಡಿಯುತ್ತದೆ. ನೇಕಾರ ಆಗ ನೂಲನ್ನು ಬೈಯುವುದಿಲ್ಲ. ತಂಪು ನೋಡುತ್ತಾನೆ, ಬಿಗಿ ನೋಡುತ್ತಾನೆ. ಹಾಸು ಅತಿಯಾಗಿ ಬಿಗಿದರೆ ಒಳ್ಳೆಯ ನೂಲೂ ನಿಲ್ಲದು. ಮಗ್ಗಕ್ಕೆ ಏರುವ ಮೊದಲೇ ನೂಲಿಗೆ ಗಂಜಿ ಕುಡಿಸಿರುತ್ತಾರೆ. ಮನೆಯಲ್ಲಿ ಒಬ್ಬರು ಕಂಡಿಕೆ ಸುತ್ತುತ್ತಾರೆ, ಒಬ್ಬರು ಹಾಸು ಹೂಡುತ್ತಾರೆ, ಒಬ್ಬರು ಲಾಳಿ ಎಸೆಯುತ್ತಾರೆ. ಇಳಕಲ್ ಸೀರೆಯಲ್ಲಂತೂ ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ಬೇಗ ಮುಗಿಸೆಂದು ತಿವಿದರೆ ಆಗುವ ಕೆಲಸವಲ್ಲ ಅದು. ಎಳೆ ಕಡಿಯುವುದು ಅಲ್ಲಿ ಅಪರಾಧವಲ್ಲ. ಮಗ್ಗ ನಿಲ್ಲಿಸಿ ಗಂಟು ಹಾಕುವ ಹೊತ್ತು ದಿನದ ಲೆಕ್ಕದಲ್ಲೇ ಸೇರಿರುತ್ತದೆ. ಎಷ್ಟು ವಿನ್ಯಾಸ ತಂಡಗಳ ವೇಳಾಪಟ್ಟಿಯಲ್ಲಿ ಈ ಗಂಟಿನ ಹೊತ್ತಿದೆ?

ಹಾಗಾದರೆ ವ್ಯಕ್ತಿಯ ಛಲಕ್ಕೆ ಬೆಲೆಯಿಲ್ಲವೇ ಎಂದು ಕೇಳಬಹುದು. ಗದುಗಿನಲ್ಲಿ ನಿಂತು ಇಲ್ಲವೆನ್ನಲು ಯಾರಿಗೂ ಬಾಯಿ ಬಾರದು. ಎಳವೆಯಲ್ಲೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು ಹಲವು ವಾದ್ಯಗಳನ್ನು ಕಲಿತರು, ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಬರೆದರು. ಆದರೆ ಅವರಿಗೆ ತಮ್ಮಂತೆಯೇ ಅಂಧರಾಗಿದ್ದ ಗುರು ಪಂಚಾಕ್ಷರ ಗವಾಯಿಗಳಿದ್ದರು, ವೀರೇಶ್ವರ ಪುಣ್ಯಾಶ್ರಮವಿತ್ತು, ಹೊಟ್ಟೆಗೆ ದಾಸೋಹವಿತ್ತು. 1944ರಲ್ಲಿ ಗುರು ತೀರಿಕೊಂಡಾಗ ಆಶ್ರಮ ಮುಚ್ಚಲಿಲ್ಲ. ಶಿಷ್ಯ ಅದನ್ನು ಹೊತ್ತರು, ನಾಟಕ ಕಂಪನಿ ನಡೆಸಿ ಅದಕ್ಕೆ ಆಸರೆ ಒದಗಿಸಿದರು. 2010ರಲ್ಲಿ ಅವರೂ ಹೋದರು. ಪಾಠ ನಿಲ್ಲಲಿಲ್ಲ. ಒಬ್ಬ ಹೋದರೆ ವಿದ್ಯೆಯೂ ಹೋಗಬಾರದು ಎಂಬ ಏರ್ಪಾಡು ಅಲ್ಲಿ ಮೊದಲಿನಿಂದಲೂ ಇತ್ತು.

ಶಿರಹಟ್ಟಿ, ಮುಂಡರಗಿಯ ಒಣಬೇಸಾಯದ ರೈತ ಜೋಳದ ನಡುವೆ ಅಕ್ಕಡಿ ಬಿತ್ತುವುದೂ ಇದೇ ಲೆಕ್ಕದಿಂದ: ಒಂದು ಹೋದರೆ ಒಂದಿರಲಿ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸಹಕಾರ ಸಂಘ ಕಟ್ಟಿದ್ದೂ ಈ ತಿಳಿವಳಿಕೆಯಿಂದಲೇ. ಬರಗಾಲಗಳನ್ನು ಕಂಡಿದ್ದ ಸೀಮೆ ಇದು. ಸಾಲದ ಭಾರವನ್ನು ಒಬ್ಬೊಬ್ಬ ರೈತನ ಎದೆಗಾರಿಕೆಗೆ ಬಿಟ್ಟಿದ್ದರೆ ಅದು ಅವನನ್ನು ಮುರಿಯುತ್ತಿತ್ತು.

ಒಂದು ಮಾತನ್ನು ಮುಚ್ಚಿಡಬಾರದು. ವಿದ್ಯುತ್ ಮಗ್ಗ ಬಂದಮೇಲೆ ಕೈಮಗ್ಗಗಳು ಸೊರಗಿದವು. ಮನೆಯೊಳಗಿನ ಹೊಂದಾಣಿಕೆ ಎಷ್ಟೇ ಚೆನ್ನಾಗಿದ್ದರೂ ಪೇಟೆಯ ಹೊಡೆತವನ್ನು ಅದೊಂದರಿಂದಲೇ ತಡೆಯಲಾಗಲಿಲ್ಲ. ಹಾಗೆಯೇ ವಿನ್ಯಾಸ ತಂಡದ ಮುಖ್ಯಸ್ಥನೂ ಎಲ್ಲಕ್ಕೂ ಹೊಣೆಯಲ್ಲ. ಗಡುವು, ಕೂಲಿ, ರಜೆಗಳನ್ನು ಗೊತ್ತುಮಾಡುವ ಮೇಲಿನವರ ಹೊಣೆ ಅವನದಕ್ಕಿಂತ ದೊಡ್ಡದು. ಧ್ಯಾನದ ಶಿಬಿರ ಏರ್ಪಡಿಸಿ ಆ ಹೊಣೆಯಿಂದ ಜಾರಿಕೊಳ್ಳುವುದು ಅನ್ಯಾಯ.

ಲಕ್ಷ್ಮೇಶ್ವರದಿಂದಲೋ ಬೆಟಗೇರಿಯಿಂದಲೋ ಬೆಂಗಳೂರಿಗೆ ಹೋಗಿ ಇಂಥ ಕೆಲಸದಲ್ಲಿರುವ ಗೆಳೆಯರೇ, ನಿಮ್ಮ ತಂಡದಲ್ಲಿ ಒಬ್ಬರಿಗಷ್ಟೇ ಗೊತ್ತಿರುವ ಕೆಲಸ ಯಾವುದೆಂದು ಈ ವಾರ ಕೇಳಿ ನೋಡಿ. ಅದನ್ನು ಇನ್ನೊಬ್ಬರಿಗೆ ಕಲಿಸಲು ಹೊತ್ತು ಬೇಕೆಂದು ಮೇಲಿನವರಿಗೆ ಬರೆದು ಕೊಡಿ. ಆ ಒಬ್ಬರು ನೀವೇ ಆಗಿದ್ದರೆ, ರಜೆಯ ಅರ್ಜಿಯನ್ನೂ ಜೊತೆಗೇ ಕೊಡಿ.