ಸಮೀಕರಣಕ್ಕೆ ಕಾಣದ ಬೇರು

ಸಕಲೇಶಪುರ ಸೀಮೆಯ ಎತ್ತಿನಹಳ್ಳ ಮತ್ತು ನೆರೆಯ ತೊರೆಗಳಲ್ಲಿ 24.01 ಟಿಎಂಸಿ ನೀರು ದೊರೆಯುತ್ತದೆಂಬುದು ತಿರುವು ಯೋಜನೆಯ ಲೆಕ್ಕ. 2015ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನ ಕಂಡದ್ದು 9.55 ಟಿಎಂಸಿ. ಅದೇ ಗುಡ್ಡ, ಅದೇ ಮಳೆ; ಉತ್ತರ ಮಾತ್ರ ಎರಡೂವರೆ ಪಟ್ಟು ಬೇರೆ. ಬಿದ್ದ ಮಳೆಯಲ್ಲಿ ಎಷ್ಟು ಇಂಗಿತು, ಎಷ್ಟನ್ನು ಗಿಡಮರಗಳು ಹೀರಿದವು ಎಂಬುದನ್ನು ಇಡೀ ಕಣಿವೆಯಲ್ಲಿ ಅಳೆಯಲಾಗದು. ಅದನ್ನು ಗಣಿತದ ಮಾದರಿ ಹೇಳಬೇಕು. ಮಾದರಿಯ ಒಳಗೇನಿದೆ ಎಂಬುದು ಮಲೆನಾಡಿಗರಿಗೂ ತಿಳಿದಿರಬೇಕಾದ ವಿಷಯ.

ಫ್ರಾನ್ಸಿನ ಇಂಜಿನಿಯರ್ ಹೆನ್ರಿ ಡಾರ್ಸಿ 1856ರಲ್ಲಿ ಪ್ರಕಟಿಸಿದ ಪ್ರಯೋಗ ಸರಳವಾದದ್ದು. ಮರಳು ತುಂಬಿದ ಕೊಳವೆಯಲ್ಲಿ ನೀರು ಎಷ್ಟು ವೇಗವಾಗಿ ಇಳಿಯುತ್ತದೆಂದು ಅವರು ನೋಡಿದರು. 1931ರಲ್ಲಿ ಅಮೆರಿಕದ ರಿಚರ್ಡ್ಸ್ ಆ ನಿಯಮವನ್ನು ಅರೆತೇವದ ಮಣ್ಣಿಗೂ ವಿಸ್ತರಿಸಿದರು. ಮಣ್ಣು ಒಣಗಿದಷ್ಟೂ ನೀರನ್ನು ಬಿಗಿಯಾಗಿ ಹಿಡಿಯುತ್ತದೆ, ನಿಧಾನವಾಗಿ ಬಿಡುತ್ತದೆ. ಸುಂದರವಾದ ಸಮೀಕರಣ. ಆದರೆ ಅದರ ಮೂಲರೂಪ ಮಣ್ಣನ್ನು ಸಮನಾದ ಸಣ್ಣ ರಂಧ್ರಗಳ ರಾಶಿಯೆಂದು ಭಾವಿಸುತ್ತದೆ. ಘಟ್ಟದ ಜಂಬಿಟ್ಟಿಗೆ ನೆಲದಲ್ಲಿ ಕೊಳೆತ ಬೇರಿನ ಕೊಳವೆಗಳಿವೆ, ಗೆದ್ದಲಿನ ಸುರಂಗಗಳಿವೆ, ಏಡಿಯ ಬಿಲಗಳಿವೆ. ಆಷಾಢದ ಮಳೆ ಕಣಕಣವನ್ನು ತೋಯಿಸುವ ಮೊದಲೇ ಇವುಗಳ ಮೂಲಕ ಆಳಕ್ಕೆ ಜಾರಬಲ್ಲದು. ಬೋಳಾದ ನೆಲಕ್ಕಿಂತ ಕಾಡಿನ ನೆಲ ಬೇಗ ನೀರು ಕುಡಿಯುವುದನ್ನು ಉತ್ತರ ಕನ್ನಡದಲ್ಲಿ ನಡೆದ ಅಳತೆಗಳು ತೋರಿಸಿವೆ. ಎರಡಕ್ಕೂ ಒಂದೇ ಅಂಕಿ ತುಂಬಿದ ಮಾದರಿ ಬೇಸಿಗೆಯ ಹಳ್ಳದ ಬಗ್ಗೆ ಏನು ಹೇಳಬಲ್ಲದು?

ಬೆಳೆಯ ನೀರಿನ ಲೆಕ್ಕದಲ್ಲಿಯೂ ಇದೇ ಕಥೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 1998ರಲ್ಲಿ ಹೊರತಂದ ಕೈಪಿಡಿ 12 ಸೆಂಟಿಮೀಟರ್ ಎತ್ತರದ, ನೀರಿನ ಕೊರತೆಯಿಲ್ಲದ ಹುಲ್ಲನ್ನು ಆಧಾರವಾಗಿಟ್ಟು ಪ್ರತಿ ಬೆಳೆಗೂ ಗುಣಾಂಕ ಕೊಡುತ್ತದೆ. ನಡು ಹಂತದ ಭತ್ತಕ್ಕೆ 1.20. (ಮಲೆನಾಡಿನ ಹುಲ್ಲು ಅಷ್ಟೆತ್ತರಕ್ಕೆ ನಿಲ್ಲುವುದಿಲ್ಲವೆಂಬುದು ಬೇರೆ ಮಾತು.) ಅಡಿಕೆಯ ಕೆಳಗೆ ಬಾಳೆ, ಬಾಳೆಯ ಕೆಳಗೆ ಏಲಕ್ಕಿ, ಮರಕ್ಕೆ ಹಬ್ಬಿದ ಮೆಣಸು, ಬುಡಕ್ಕೆ ಬೆಟ್ಟದ ಸೊಪ್ಪು: ಇಂಥ ತೋಟಕ್ಕೆ ಯಾವ ಗುಣಾಂಕ? ಸೊಪ್ಪಿನ ಮುಚ್ಚಿಗೆ ನೆಲದಿಂದ ಆರಿಹೋಗುವ ನೀರನ್ನು ತಡೆಯುತ್ತದೆ. ಮುಚ್ಚಿಗೆಯಿದ್ದಲ್ಲಿ ಗುಣಾಂಕವನ್ನು ತಿದ್ದಬೇಕೆಂದು ಆ ಕೈಪಿಡಿಯೇ ಹೇಳುತ್ತದೆ. ತಪ್ಪು ಗಣಿತದ್ದಲ್ಲ, ತಿದ್ದದೆ ಬಳಸುವವರದು.

ಆದ್ದರಿಂದ ಮಾದರಿಗಳನ್ನು ಹಳಿಯುವುದರಲ್ಲಿ ಅರ್ಥವಿಲ್ಲ. ಎರಡು ಕಬ್ಬಿಣದ ಬಳೆ, ಒಂದು ಅಳತೆಪಟ್ಟಿ, ಒಂದು ಗಡಿಯಾರವಿದ್ದರೆ ನೆಲ ನೀರು ಕುಡಿಯುವ ವೇಗವನ್ನು ಊರಿನ ಶಾಲೆಯ ಮಕ್ಕಳೂ ಅಳೆಯಬಲ್ಲರು. ಎತ್ತಿನಹಳ್ಳದ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಗೊಂಡಿದೆ. ಎತ್ತಿದ ನೀರೆಷ್ಟು, ಅಣೆಯ ಕೆಳಗೆ ಉಳಿದದ್ದೆಷ್ಟು ಎಂಬ ದಿನವಹಿ ಅಂಕಿಗಳು, 24.01ನ್ನು ಕೊಟ್ಟ ಲೆಕ್ಕದ ಪಕ್ಕದಲ್ಲಿಯೇ, ಆ ಕಣಿವೆಯ ಪ್ರತಿ ಗ್ರಾಮ ಪಂಚಾಯಿತಿಯ ಫಲಕದ ಮೇಲೆ ಬರಬೇಕು. ಮಳೆಗಾಲದ್ದು ಮಾತ್ರವಲ್ಲ, ಮಾರ್ಚ್ ಏಪ್ರಿಲಿನದ್ದೂ.