ಖುಷಿ ‘ನನಗೆ’ ಆಗುವುದು

ವ್ಯಕ್ತಿತ್ವ ವಿಕಸನದ ಪುಸ್ತಕವೊಂದನ್ನು ಅನುವಾದಿಸುತ್ತಾ ‘ಸಂತೋಷವನ್ನು ಆರಿಸಿಕೊಳ್ಳಿ’ ಎಂಬಲ್ಲಿ ಮೂರು ದಿನದಿಂದ ಸಿಕ್ಕಿಬಿದ್ದಿದ್ದೇನೆ. ನಾವು ಸೀರೆ ಆರಿಸುತ್ತೇವೆ, ಅಕ್ಕಿಯಿಂದ ಕಲ್ಲು ಆರಿಸುತ್ತೇವೆ. ಖುಷಿ ಮಾತ್ರ ‘ನನಗೆ’ ಆಗುತ್ತದೆ, ಹಸಿವಾದ ಹಾಗೆ, ಬೇಜಾರಾದ ಹಾಗೆ. ಈ ಚತುರ್ಥಿ ವಿಭಕ್ತಿಯೇ ಪ್ರಾಮಾಣಿಕ ಅನಿಸುತ್ತದೆ ನನಗೆ. ಕಳೆದ ವರ್ಷ ಪುಣೆಯಲ್ಲಿ ಎರಡು ತಿಂಗಳ ಸಂಭಾವನೆ ಬಾರದೆ ಮನೆ ಬಾಡಿಗೆ ನಿಂತಾಗ ಯಾವ ಖುಷಿಯನ್ನೂ ಆರಿಸಲು ಬರಲಿಲ್ಲ. ಬೆಳಗಿನ ನಡಿಗೆಯನ್ನು ಮಾತ್ರ ಬಿಡಲಿಲ್ಲ. ಒಮ್ಮೊಮ್ಮೆ ದಾರಿಯಲ್ಲೇ ಖುಷಿಯಾಗುತ್ತಿತ್ತು.

ಅಭ್ಯಾಸದ ವಿಷಯದಲ್ಲಿ ಕನ್ನಡ ಜಾಣ: ಮೊದಲು ‘ನಾನು ಅಭ್ಯಾಸ ಮಾಡುತ್ತೇನೆ’, ಆಮೇಲೆ ‘ನನಗೆ ಅಭ್ಯಾಸವಾಗುತ್ತದೆ’. ಈ ನಡುವಿನ ಅವಧಿ 21 ದಿನ ಎಂಬ ಪುಸ್ತಕದ ಲೆಕ್ಕ ನಂಬಬೇಡಿ. 2009ರಲ್ಲಿ ಲಂಡನ್ನಿನ ಫಿಲಿಪ್ಪಾ ಲ್ಯಾಲಿ ತಂಡ ಅಂದಾಜಿಸಿದ್ದು 18ರಿಂದ 254 ದಿನ. ನಡುವೆ ಒಂದು ದಿನ ತಪ್ಪಿದರೂ ಅಂಥ ನಷ್ಟವೇನೂ ಕಾಣಲಿಲ್ಲವಂತೆ. ನಿನ್ನೆ ಜೋರು ಮಳೆ. ನಾನೂ ಹೋಗಲಿಲ್ಲ.