ಅಡ್ಡಬಿಲ್ಲಿನವನಿಗೆ ಹೆಸರಿಲ್ಲವೆ?

ಕಳೆದ ವರ್ಷ ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಏಳನೆಯ ತರಗತಿಯ ಮಕ್ಕಳು ತಾವೇ ಹೆಣೆದ ಕಿರುನಾಟಕವೊಂದನ್ನು ಆಡಿದರು. ಅದು ಕಡಲ್ಗಳ್ಳರ ಕಥೆ. ನಿಧಿಯೊಂದು, ಹಡಗುಗಳೆರಡು, ಧೀರನಾದ ನಾವಿಕನೊಬ್ಬ. ಅವನನ್ನು ಕೊಲ್ಲಲೆಂದು ಶತ್ರುಗಳು ಹಣಕೊಟ್ಟು ಕರೆಸಿದ ಚೀನೀ ಹಂತಕನೊಬ್ಬ. ಹಂತಕನ ಕೈಯಲ್ಲಿ ಅಡ್ಡಬಿಲ್ಲು. ಬಿದಿರಿನ ಸೀಳು, ಅಡಕೆಹಾಳೆ, ಹಳೆಯ ಸೈಕಲ್ಲಿನ ರಬ್ಬರು ಇವುಗಳಿಂದ ಮಕ್ಕಳು ಅದನ್ನು ಬಲು ಜಾಣತನದಿಂದ ಮಾಡಿದ್ದರು. ಹಂತಕನು ಹಾಯಿಯ ಹಗ್ಗದಿಂದ ಜಾರಿ ಬಂದನು, ಮೂವರನ್ನು ಕೆಡವಿದನು, ನಾಯಕನ ಒಂದೇ ಏಟಿಗೆ ಕಡಲಿಗೆ ಬಿದ್ದನು. ಆದಿಯಿಂದ ಅಂತ್ಯದ ವರೆಗೆ ಅವನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಸಭೆ ಚಪ್ಪಾಳೆ ತಟ್ಟಿತು. ಆ ಚಪ್ಪಾಳೆಯಲ್ಲಿ ಅಧ್ಯಾಪಕರಾದ ನಮ್ಮ ಕೈಗಳೂ ಇದ್ದುವು.

ಆ ವೇಷವನ್ನು ಯಾರಿಗೆ ಕೊಟ್ಟೆವು? ಊರಿನ ತೋಟದ ಮನೆಯೊಂದರಲ್ಲಿ ಕಾವಲಿಗಿರುವ ನೇಪಾಳದ ದಂಪತಿಗಳ ಮಗನಿಗೆ. ಅವನು ಮೂರು ವರ್ಷಗಳಿಂದ ನಮ್ಮಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿಯುತ್ತಿದ್ದಾನೆ. ಗದ್ಯಪಾಠವನ್ನು ಗಟ್ಟಿಯಾಗಿ ಓದುವುದರಲ್ಲಿ ತರಗತಿಯಲ್ಲಿ ಅವನಿಗೆ ಸಮಾನರಿಲ್ಲ. ಅಲ್ಪಪ್ರಾಣ ಮಹಾಪ್ರಾಣಗಳನ್ನು ಅವನಷ್ಟು ಶುದ್ಧವಾಗಿ ಉಚ್ಚರಿಸುವವರು ಊರ ಮಕ್ಕಳಲ್ಲಿಯೂ ಕಡಮೆ. ಅಂತಹ ನಾಲಗೆಯುಳ್ಳವನಿಗೆ ಮಾತಿಲ್ಲದ ಪಾತ್ರವನ್ನು ಕೊಟ್ಟೆವು. ‘ಬಣ್ಣ ಬಳಿಯುವ ಶ್ರಮ ಉಳಿಯಿತು’ ಎಂದು ನಮ್ಮಲ್ಲೊಬ್ಬರು ನಕ್ಕರು, ಉಳಿದವರೂ ನಕ್ಕೆವು. ನಾಟಕ ಮುಗಿದರೂ ವೇಷ ಇಳಿಯಲಿಲ್ಲ. ಮರುವಾರ ಹಾಜರಿ ಕರೆಯುವಾಗ ಅವನ ಹೆಸರು ಬಂದೊಡನೆ ಹಿಂದಿನ ಬೆಂಚಿನಿಂದ ‘ಚೀನ’ ಎಂಬ ದನಿ ಕೇಳಿಸಿತು. ಅದು ಇನ್ನೂ ನಿಂತಿಲ್ಲ.

ಈ ತಪ್ಪು ಮಕ್ಕಳದೆಂದು ನಾವು ಹೇಳಲಾರೆವು. ಅವರು ಆ ಹಂತಕನನ್ನು ಎಲ್ಲಿಂದ ತಂದರೆಂದು ವಿಚಾರಿಸಿದಾಗ, ಅಣ್ಣಂದಿರ ಕೈಫೋನಿನ ಆಟವೊಂದರಿಂದ ಎಂದರು. ಆಟಕ್ಕೂ ಅವನು ಸ್ವಂತ ಸೃಷ್ಟಿಯಲ್ಲ. ಅವನ ವಂಶಾವಳಿ ದೀರ್ಘವಾದುದು. ೧೯೧೩ರಲ್ಲಿ ಸ್ಯಾಕ್ಸ್ ರೋಮರ್ ಎಂಬ ಇಂಗ್ಲಿಷ್ ಕಾದಂಬರಿಕಾರನು ಫೂ ಮಾಂಚು ಎಂಬ ಚೀನೀ ದುಷ್ಟನನ್ನು ಪುಸ್ತಕರೂಪದಲ್ಲಿ ಹೊರತಂದನು. ವಿಷ, ಗುಪ್ತ ಕೊಲೆಗಾರರು, ಜಗತ್ತನ್ನೇ ನುಂಗುವ ಹಂಚಿಕೆ ಎಲ್ಲವೂ ಅವನಲ್ಲಿ ಉಂಟು. ಸಿನಿಮಾದಲ್ಲಿ ಆ ಚೀನೀಯನಾಗಿ ೧೯೩೨ರಲ್ಲಿ ನಟಿಸಿದವನು ಬೋರಿಸ್ ಕಾರ್ಲೋಫ್, ೧೯೬೫ರಲ್ಲಿ ಕ್ರಿಸ್ಟೋಫರ್ ಲೀ. ಇಬ್ಬರೂ ಇಂಗ್ಲೆಂಡಿನವರು, ಕಣ್ಣಿಗೆ ಬಣ್ಣ ತೀಡಿಕೊಂಡವರು. ೨೦೦೭ರಲ್ಲಿ ಬಂದ ಕೆರಿಬಿಯನ್ ಕಡಲ್ಗಳ್ಳರ ಮೂರನೆಯ ಚಿತ್ರದಲ್ಲಿ ಅದೇ ಬೋಳುತಲೆ, ಅದೇ ಇಳಿಮೀಸೆ ಮತ್ತೆ ಕಾಣಿಸಿಕೊಂಡುವು. ನಟನು ಮಾತ್ರ ಈ ಸಲ ಹಾಂಗ್‌ಕಾಂಗಿನ ಹೆಸರಾಂತ ಚೌ ಯುನ್-ಫ್ಯಾಟ್. ಚೀನದಲ್ಲಿ ಆ ಚಿತ್ರ ತೆರೆಕಂಡಾಗ ಅಲ್ಲಿನ ಅಧಿಕಾರಿಗಳು ಆ ಪಾತ್ರದ ದೃಶ್ಯಗಳನ್ನು ಸಾಕಷ್ಟು ಕತ್ತರಿಸಿದರು. ನಾವು ಕತ್ತರಿಯ ಪಕ್ಷದವರಲ್ಲ. ಕತ್ತರಿಸಿದ ಮಾತ್ರಕ್ಕೆ ಸುಳ್ಳು ನಿಜವಾಗುವುದಿಲ್ಲ. ಸುಳ್ಳಿಗೆ ಉತ್ತರವನ್ನು ತಿಳಿವಿನಿಂದ ಕೊಡಬೇಕು. ಅದು ಅಧ್ಯಾಪಕರ ಕೆಲಸ.

ಮೊದಲು ಆ ಬಿಲ್ಲಿನ ವಿಷಯ. ಕಥೆಗಾರರು ಅಡ್ಡಬಿಲ್ಲನ್ನು ಒಂಟಿ ಕೊಲೆಗಾರನ ಕಳ್ಳ ಆಯುಧವೆಂದು ತಿಳಿದಿದ್ದಾರೆ. ಚೀನದ ಇತಿಹಾಸದಲ್ಲಿ ಅದು ಸೇನೆಯ ಆಯುಧ, ಸಾಲುಗಟ್ಟಿ ನಿಂತವರ ಆಯುಧ. ೧೯೭೪ರಲ್ಲಿ ಷಿಯಾನ್ ನಗರದ ಬಳಿ ಬಾವಿ ತೋಡುತ್ತಿದ್ದ ರೈತರಿಗೆ ಮಣ್ಣಿನ ಯೋಧರು ದೊರೆತ ಕಥೆ ಎಲ್ಲರಿಗೂ ತಿಳಿದಿದೆ. ಕ್ರಿ. ಪೂ. ೨೧೦ರಲ್ಲಿ ತೀರಿಹೋದ ಚಕ್ರವರ್ತಿಯ ಸಮಾಧಿಗೆ ಕಾವಲಿದ್ದ ಆ ಸೇನೆಯ ನಡುವೆ ಅಡ್ಡಬಿಲ್ಲುಗಳ ಕಂಚಿನ ಕುದುರೆಗಳೂ ಸುಮಾರು ೪೦,೦೦೦ ಬಾಣದ ಮೊನೆಗಳೂ ಸಿಕ್ಕಿವೆ. ಒಂದೇ ಅಚ್ಚಿನಂತೆ ಎರಕ ಹೊಯ್ದ ಆ ಭಾಗಗಳನ್ನು ನೋಡಿದರೆ ಕಾಣುವುದು ಕಾರ್ಖಾನೆಯ ಶಿಸ್ತು, ಇರುಳಿನ ಗುಟ್ಟಲ್ಲ. ಇನ್ನೊಂದು ಸಾಕ್ಷ್ಯ ಕಾನೂನಿನದು. ಏಳನೆಯ ಶತಮಾನದ ಟಾಂಗ್ ಅರಸರ ದಂಡಸಂಹಿತೆಯು ಬಿಲ್ಲು, ಬಾಣ, ಖಡ್ಗ, ಗುರಾಣಿ, ಗಿಡ್ಡ ಈಟಿ ಇವುಗಳನ್ನು ಪ್ರಜೆಗಳು ಇಟ್ಟುಕೊಳ್ಳಲು ಬಿಟ್ಟಿತು, ಅಡ್ಡಬಿಲ್ಲನ್ನು ಬಿಡಲಿಲ್ಲ. ಮೂರು ಅಡ್ಡಬಿಲ್ಲು ಇಟ್ಟುಕೊಂಡವನಿಗೆ ಗಡೀಪಾರು, ಐದು ಇಟ್ಟುಕೊಂಡವನಿಗೆ ಕೊರಳು ಬಿಗಿದು ಮರಣದಂಡನೆ. ಹತ್ತು ಬಾಣಗಳ ಪೆಟ್ಟಿಗೆಯುಳ್ಳ ಹಗುರವಾದ ಇನ್ನೊಂದು ಬಗೆಯನ್ನು ಮನೆಮಂದಿ ಆತ್ಮರಕ್ಷಣೆಗೆ ಬಳಸಿದ್ದುಂಟು. ಅದರ ಬಾಣಕ್ಕೆ ಬಲ ಸಾಲದೆಂದೇ ತುದಿಗೆ ವಿಷ ಸವರುತ್ತಿದ್ದರು. ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಬಂದೂಕು ಫಿರಂಗಿಗಳ ಹದಿನೆಂಟನೆಯ ಶತಮಾನದಲ್ಲಿ, ಕೆರಿಬಿಯನ್ ಕಡಲಿನಲ್ಲಿ, ಎಲ್ಲರ ಕೈಯಲ್ಲಿಯೂ ಪಿಸ್ತೂಲು ಇರುವಾಗ ಚೀನೀಯನೊಬ್ಬನ ಕೈಗೆ ಮಾತ್ರ ಅಡ್ಡಬಿಲ್ಲು ಕೊಡುವ ಕಥೆಗಾರನು ಇತಿಹಾಸವನ್ನು ಓದಿ ಬರೆದವನಲ್ಲ.

ಕೆರಿಬಿಯನ್ ದ್ವೀಪಗಳಿಗೆ ಚೀನೀಯರು ನಿಜವಾಗಿಯೂ ಗುಂಪುಗುಂಪಾಗಿ ಬಂದದ್ದು ಯಾವಾಗ? ಆ ಕಡಲ್ಗಳ್ಳರ ಕಾಲ ಸರಿದು ನೂರು ವರ್ಷಗಳಾದ ಮೇಲೆ. ಹೇಗೆ ಬಂದರು? ಕರಾರುಪತ್ರಕ್ಕೆ ಹೆಬ್ಬೆಟ್ಟು ಒತ್ತಿ, ಹಡಗಿನ ಹೊಟ್ಟೆಯಲ್ಲಿ ಮೂಟೆಗಳಂತೆ ತುಂಬಿಕೊಂಡು ಬಂದರು. ೧೮೪೭ರಿಂದ ೧೮೭೪ರ ವರೆಗೆ ಕ್ಯೂಬಾ ಒಂದಕ್ಕೇ ಸುಮಾರು ೧,೨೫,೦೦೦ ಮಂದಿಯನ್ನು ಕಬ್ಬಿನ ಗದ್ದೆಗಳ ದುಡಿಮೆಗೆ ಸಾಗಿಸಿದರು. ದಾರಿಯಲ್ಲಿ ಸತ್ತವರು, ಗದ್ದೆಯಲ್ಲಿ ಸತ್ತವರು ಲೆಕ್ಕವಿಲ್ಲ. ಕೊಂದವರ ಸಾಲಿನಲ್ಲಿ ಅವರನ್ನು ನಿಲ್ಲಿಸುವ ಕಥೆಗೆ ಸಾಹಸಕಥೆಯೆಂದು ಹೆಸರು!

ಹಂತಕರ ಕಥೆ ಚೀನದಲ್ಲಿ ಇಲ್ಲವೆಂದು ನಾವು ಹೇಳುತ್ತಿಲ್ಲ. ಎರಡು ಸಾವಿರ ವರ್ಷಗಳ ಹಿಂದೆಯೇ ಸಿಮಾ ಚಿಯೆನ್ ಎಂಬ ಇತಿಹಾಸಕಾರನು ತನ್ನ ಮಹಾಗ್ರಂಥದ ಒಂದು ಅಧ್ಯಾಯವನ್ನು ಹಂತಕರಿಗಾಗಿಯೇ ಮೀಸಲಿಟ್ಟನು. ಅದರಲ್ಲಿ ನ್ಯೇ ಝೆಂಗ್ ಎಂಬ ಕಟುಕನ ವೃತ್ತಾಂತ ಬರುತ್ತದೆ. ಶ್ರೀಮಂತನೊಬ್ಬನು ಅವನ ತಾಯಿಗೆ ಹೊನ್ನಿನ ಕಾಣಿಕೆಯಿತ್ತು, ತನ್ನ ವೈರಿಯಾದ ಮಂತ್ರಿಯನ್ನು ಕೊಲ್ಲಬೇಕೆಂಬ ಆಸೆಯನ್ನು ಸೂಚಿಸುತ್ತಾನೆ. ತಾಯಿ ಬದುಕಿರುವ ತನಕ ತನ್ನ ಪ್ರಾಣ ತನ್ನದಲ್ಲವೆಂದು ನ್ಯೇ ಝೆಂಗ್ ಹೊನ್ನನ್ನು ಮುಟ್ಟುವುದಿಲ್ಲ. ತಾಯಿ ತೀರಿ, ಸೂತಕದ ಕಾಲ ಕಳೆದು, ಅಕ್ಕನ ಮದುವೆಯೂ ಆಗಿರುವಾಗ, ತನ್ನನ್ನು ಮನುಷ್ಯನೆಂದು ಗೌರವಿಸಿದವನಿಗಾಗಿ ಒಬ್ಬನೇ ಖಡ್ಗ ಹಿಡಿದು ಹೋಗಿ ಮಂತ್ರಿಯನ್ನು ಕೊಲ್ಲುತ್ತಾನೆ. ಆಮೇಲೆ, ಅಕ್ಕನಿಗೆ ಅಪಾಯವಾಗದಿರಲೆಂದು, ಗುರುತು ಸಿಗದಂತೆ ತನ್ನ ಮುಖವನ್ನು ತಾನೇ ಕೆಡಿಸಿಕೊಂಡು ಸಾಯುತ್ತಾನೆ. ಹೆಣವನ್ನು ಪೇಟೆಯಲ್ಲಿ ಇಟ್ಟು, ಗುರುತಿಸಿದವರಿಗೆ ಬಹುಮಾನವೆಂದು ಸಾರುತ್ತಾರೆ. ಯಾರೂ ಬರುವುದಿಲ್ಲ, ಅಕ್ಕ ಬರುತ್ತಾಳೆ. ಸುಮ್ಮನಿದ್ದರೆ ಅವಳು ಬದುಕುತ್ತಿದ್ದಳು. ಆದರೆ ತಮ್ಮನ ಹೆಸರು ಅಳಿಯಬಾರದೆಂದು, ನೆರೆದ ಜನರೆದುರು ಆ ಹೆಸರನ್ನು ಕೂಗಿ ಹೇಳಿ, ಅವನ ಪಕ್ಕದಲ್ಲಿಯೇ ಪ್ರಾಣ ಬಿಡುತ್ತಾಳೆ.

ವಾಚಕರು ಇದನ್ನು ಆ ಆಟದ ಹಂತಕನ ಪಕ್ಕದಲ್ಲಿಟ್ಟು ನೋಡಲಿ. ಚೀನೀಯರು ತಮ್ಮ ಕೊಲೆಗಾರನಿಗೆ ತಾಯಿಯನ್ನು ಕೊಟ್ಟರು, ಅಕ್ಕನನ್ನು ಕೊಟ್ಟರು, ಸಂಕೋಚವನ್ನು ಕೊಟ್ಟರು. ಒಂದು ಹೆಸರಿಗಾಗಿ ಒಬ್ಬಳನ್ನು ಸಾಯಿಸಿದರು. ಹೊರಗಿನವರು ಅವನಿಗೆ ಬಿಲ್ಲೊಂದನ್ನು ಕೊಟ್ಟು ಮಿಕ್ಕುದೆಲ್ಲವನ್ನೂ ಕಸಿದುಕೊಂಡರು.

ಕಡಲ ಕಥೆಯೇ ಬೇಕೆಂದರೆ ಅದಕ್ಕೂ ಬರವಿಲ್ಲ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ದಕ್ಷಿಣ ಚೀನದ ಕಡಲನ್ನು ನಡುಗಿಸಿದ ಕಳ್ಳಪಡೆಯ ಒಡತಿ ಝೆಂಗ್ ಯಿ ಸಾವ್ ೧೮೧೦ರಲ್ಲಿ ಆಯುಧವಿಲ್ಲದೆ, ಹೆಂಗಸರು ಮಕ್ಕಳನ್ನು ಮಾತ್ರ ಕರೆದುಕೊಂಡು, ಕ್ಯಾಂಟನ್ನಿನ ರಾಜಪ್ರತಿನಿಧಿಯ ಕಚೇರಿಗೆ ನಡೆದುಹೋಗಿ ಸಂಧಾನ ಮಾಡಿಕೊಂಡಳು. ೧೮೪೪ರಲ್ಲಿ ಸಹಜವಾಗಿ ತೀರಿಕೊಂಡಳು. ಇದಕ್ಕಿಂತ ರೋಚಕವಾದುದನ್ನು ಯಾವ ಕಾದಂಬರಿಕಾರನು ಕಟ್ಟಬಲ್ಲನು?

ನಮ್ಮ ಕರಾವಳಿಗೇ ಸೇರಿದ ಕಥೆಯೂ ಉಂಟು. ಹದಿನಾಲ್ಕನೆಯ ಶತಮಾನದ ಯಾತ್ರಿಕ ಇಬ್ನ್ ಬತೂತನು ಚೀನದ ಹಡಗುಗಳು ಬರುವ ರೇವುಗಳೆಂದು ಹೆಸರಿಸಿದವುಗಳಲ್ಲಿ ಕೊಲ್ಲಂ, ಕಲ್ಲಿಕೋಟೆಗಳ ಜೊತೆಗೆ ಹೀಲಿಯೂ ಇದೆ. ಅದು ನಮ್ಮ ಕಾಸರಗೋಡಿನ ತೆಂಕಣಕ್ಕೆ ಸಮೀಪದಲ್ಲಿರುವ ಏಳಿಮಲೆ. ೧೪೦೫ರಿಂದ ೧೪೩೩ರ ವರೆಗೆ ಝೆಂಗ್ ಹೆ ಎಂಬ ನೌಕಾಧಿಪತಿ ಏಳು ಸಲ ದೊಡ್ಡ ನೌಕಾಪಡೆಯೊಡನೆ ಪಡುವಣಕ್ಕೆ ಬಂದನು. ಅವನ ಜೊತೆಗೆ ಬಂದ ದುಭಾಷಿ ಮಾ ಹುವಾನ್ ಕಲ್ಲಿಕೋಟೆಯ ಪೇಟೆಯನ್ನು ಕಂಡು ಬರೆದಿಟ್ಟ ಮಾತೊಂದು ಪ್ರಾಥಮಿಕ ಶಾಲೆಯ ನಮಗೆಲ್ಲ ರುಚಿಸತಕ್ಕುದು. ಇಲ್ಲಿನವರು ಲೆಕ್ಕ ಮಾಡಲು ಮಣಿಚೌಕಟ್ಟನ್ನು ಬಳಸುವುದಿಲ್ಲವಂತೆ; ಕೈಕಾಲುಗಳ ಇಪ್ಪತ್ತು ಬೆರಳುಗಳಿಂದಲೇ ಎಣಿಸುತ್ತಾರಂತೆ; ಎಳ್ಳಷ್ಟೂ ತಪ್ಪುವುದಿಲ್ಲವಂತೆ. ನಾವು ತರಗತಿಯಲ್ಲಿ ಬೆರಳೆಣಿಸುವ ಮಗುವನ್ನು ಗದರುತ್ತೇವೆ. ಕಡಲಾಚೆಯ ಆ ಮನುಷ್ಯನು ಬೆರಳೆಣಿಸಿದವರನ್ನು ಕಂಡು ಬೆರಗಾದನು. ಬಿಲ್ಲು ಹಿಡಿದವನಲ್ಲ, ಲೇಖನಿ ಹಿಡಿದವನು. ಇವನನ್ನೇಕೆ ನಮ್ಮ ಮಕ್ಕಳು ಅರಿಯರು?

ಕಥೆಗೆ ದುಷ್ಟನೊಬ್ಬನು ಬೇಡವೇ ಎಂದು ಕೇಳುವವರಿದ್ದಾರೆ. ಬೇಕು, ಧಾರಾಳವಾಗಿ ಬೇಕು. ಪಾರ್ತಿಸುಬ್ಬನ ಕುಂಬಳೆಯ ಸೀಮೆಯವರಾದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಆಟದಲ್ಲಿ ಬಣ್ಣದ ವೇಷ ಹೇಗೆ ಬರುತ್ತದೆ? ತೆರೆ ಹಿಡಿದು, ಅಬ್ಬರಿಸಿ, ಒಡ್ಡೋಲಗ ಕೊಟ್ಟು ಬರುತ್ತದೆ. ಅವನು ಯಾರು, ಯಾವ ಕುಲದವನು, ಬಂದ ಕಾರ್ಯವೇನು ಎಂಬುದು ಅವನ ಬಾಯಿಂದಲೇ ಹೊರಡಬೇಕು. ಕೊಲ್ಲಿಸಿಕೊಳ್ಳುವ ಮುನ್ನ ರಾಕ್ಷಸನಿಗೂ ಅರ್ಥ ಹೇಳುವ ಹಕ್ಕುಂಟು. ಒಳ್ಳೆಯ ಅರ್ಥಧಾರಿಯಾದರೆ ರಾಮನನ್ನೇ ಒಂದು ಗಳಿಗೆ ನಿರುತ್ತರನನ್ನಾಗಿ ಮಾಡುತ್ತಾನೆ. ಇಂತಹ ರಂಗಭೂಮಿಯ ಮಡಿಲಲ್ಲಿ ಬೆಳೆದ ನಾವು ಮಾತಿಲ್ಲದ ಹಂತಕನನ್ನು ಶಾಲೆಯ ವೇದಿಕೆಗೆ ಹತ್ತಿಸಿದೆವು.

ಇನ್ನು ಕೆಲವರು ೧೯೬೨ನ್ನು ನೆನಪಿಸುತ್ತಾರೆ. ಯುದ್ಧ ನಡೆದುದು ನಿಜ. ನಮ್ಮ ಸೈನಿಕರು ಹಿಮದಲ್ಲಿ ಮಡಿದುದು ನಿಜ. ಅದೇ ಯುದ್ಧದ ಹಿಂದೆಯೇ ಅಸ್ಸಾಂ ಬಂಗಾಳಗಳಲ್ಲಿ ತಲೆಮಾರುಗಳಿಂದ ನೆಲಸಿದ್ದ ಚೀನೀ ಮೂಲದ ಸುಮಾರು ೩,೦೦೦ ಜನರನ್ನು, ಮುದುಕರು ಕೂಸುಗಳೆನ್ನದೆ, ರಾಜಸ್ಥಾನದ ದೇವಲಿಯ ಶಿಬಿರದಲ್ಲಿ ಕೂಡಿಹಾಕಿದುದೂ ನಿಜವೇ. ಅವರ ತಪ್ಪು ಮುಖದ ಮೇಲಿತ್ತು, ಕೈಯಲ್ಲಿರಲಿಲ್ಲ. ೨೦೧೨ರ ಆಗಸ್ಟಿನಲ್ಲಿ ಗಾಳಿಮಾತಿಗೆ ಬೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿ ಓಡಿದರು. ಅವರು ನಮ್ಮ ಮಾತನ್ನು ಯಾಕೆ ನಂಬಲಿಲ್ಲ, ಗಾಳಿಮಾತನ್ನು ಯಾಕೆ ನಂಬಿದರು ಎಂದು ನಾವು ಕೇಳಿಕೊಂಡೆವೆ? ದಿನವೂ ದಾರಿಯಲ್ಲಿ ಅವರನ್ನು ಯಾವ ಹೆಸರಿನಿಂದ ಕೂಗುತ್ತಿದ್ದೆವೆಂಬುದು ಅವರಿಗೆ ಗೊತ್ತಿತ್ತು. ಗಡಿಯಾಚೆ ಉಳಿದು, ಸ್ವಂತ ಹೆಸರನ್ನು ಪರರ ಲಿಪಿಯಲ್ಲಿ ತಪ್ಪುತಪ್ಪಾಗಿ ಓದಿಸಿಕೊಳ್ಳುತ್ತ ಬಂದ ಕನ್ನಡಿಗರಾದ ನಮಗಾದರೂ ಇದು ಬೇಗನೆ ಹೊಳೆಯಬೇಕಾಗಿತ್ತು.

ಆದುದರಿಂದ ಸಹೋದ್ಯೋಗಿಗಳಲ್ಲಿ ನಮ್ಮ ನಿವೇದನೆ ಇಷ್ಟೆ. ಮಕ್ಕಳಿಂದ ಆಟವನ್ನು ಕಸಿಯುವುದು ಬೇಡ. ಕಸಿದರೆ ಬಚ್ಚಿಟ್ಟು ಆಡುತ್ತಾರೆ. ಬದಲಾಗಿ, ಆ ಹಂತಕನ ಹೆಸರೇನು, ಊರಾವುದು, ತಾಯಿ ಇದ್ದಾಳೆಯೆ ಎಂದು ಅವರನ್ನು ಕೇಳಿ ನೋಡಿರಿ. ನಾವು ಕೇಳಿದೆವು. ಒಬ್ಬನು, ‘ಅವನಿಗೆ ಅದೆಲ್ಲ ಇಲ್ಲ ಸರ್, ಅವನು ಬರೀ ಚೀನ’ ಎಂದನು. ಮತ್ತೊಬ್ಬಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬರೆದವರು ಮರೆತದ್ದೋ ಏನೋ’ ಎಂದಳು.

ಈ ವರ್ಷದ ವಾರ್ಷಿಕೋತ್ಸವಕ್ಕೆ ನ್ಯೇ ಝೆಂಗ್ ಮತ್ತು ಅವನ ಅಕ್ಕನ ಕಥೆಯನ್ನು ನಾಟಕ ಮಾಡಿಸುತ್ತಿದ್ದೇವೆ. ಮುಖ್ಯ ಪಾತ್ರವನ್ನು ಆ ಹುಡುಗನಿಗೇ ಕೊಡೋಣವೆಂದು ಕರೆದು ಕೇಳಿದೆವು. ಪುಟಗಟ್ಟಲೆ ಮಾತಿದೆ, ನೀನೇ ಆಡಬಲ್ಲೆ ಎಂದು ಹೇಳಿದೆವು. ಅವನು ನೆಲ ನೋಡುತ್ತ, ತನಗೆ ಯಾವ ವೇಷವೂ ಬೇಡ, ಬೇಕಾದರೆ ತೆರೆ ಹಿಡಿಯುತ್ತೇನೆ ಎಂದನು. ನಾವು ಒತ್ತಾಯಿಸಲಿಲ್ಲ.